ಪೋಸ್ಟರ್ ಮೇಲಿನ ಎಲೆಬಳ್ಳಿಗೆ ಬೆಲೆ ಎಷ್ಟು? ಗೋವಾ ಚಿತ್ರೋತ್ಸವದ ಒಳಗಿನ ಲೆಕ್ಕ

ಈಗೀಗ ಯಾವ ಸಣ್ಣ ಸಿನಿಮಾದ ಪೋಸ್ಟರ್ ನೋಡಿದರೂ ಮೇಲ್ಗಡೆ ಎಲೆಬಳ್ಳಿ ಇರುತ್ತದೆ. ಎಡಕ್ಕೊಂದು, ಬಲಕ್ಕೊಂದು ಬಾಗಿದ ಬಳ್ಳಿ, ನಡುವೆ ಸಣ್ಣ ಅಕ್ಷರದಲ್ಲಿ ‘ಅಫಿಶಿಯಲ್ ಸೆಲೆಕ್ಷನ್’, ಅದರ ಕೆಳಗೆ ಯಾವುದೋ ಊರಿನ ಹೆಸರು. ಆ ಊರಿನ ಚಿತ್ರೋತ್ಸವಕ್ಕೆ ಸಿನಿಮಾ ಆಯ್ಕೆಯಾಗಿದೆ ಅನ್ನೋ ಗುರುತು ಅದು. ಬೆಳಗಾವಿ, ಗೋಕಾಕ, ಜಮಖಂಡಿ ಕಡೆಯ ಹುಡುಗರು ಮಾಡಿದ ಇಪ್ಪತ್ತು ನಿಮಿಷದ ಕಿರುಚಿತ್ರಗಳ ಮೇಲೂ ಈ ಬಳ್ಳಿ ಹಬ್ಬಿದೆ. ಕೆಲವು ಪೋಸ್ಟರ್‌ಗಳಲ್ಲಂತೂ ಹತ್ತು ಹನ್ನೆರಡು ಬಳ್ಳಿ, ನಾಯಕನ ಮುಖವೇ ಕಾಣಲ್ಲ.

ನವೆಂಬರ್ ಬಂತೆಂದರೆ ಇನ್ನೊಂದು ಸುದ್ದಿ ಶುರುವಾಗುತ್ತದೆ. ‘ನಮ್ಮ ಸಿನಿಮಾ ಗೋವಾ ಫೆಸ್ಟಿವಲ್‌ಗೆ ಹೋಗಿದೆ.’ ವಾಟ್ಸಾಪ್ ಸ್ಟೇಟಸ್, ಲೋಕಲ್ ಪೇಪರ್‌ನಲ್ಲಿ ಫೋಟೊ, ಶಾಲು ಹಾಕಿ ಸನ್ಮಾನ. ಖುಷಿಯ ವಿಷಯವೇ. ಆದರೆ ‘ಗೋವಾಕ್ಕೆ ಹೋಗಿದೆ’ ಅನ್ನೋ ಒಂದು ಮಾತಿಗೆ ಕನಿಷ್ಠ ಐದು ಬೇರೆ ಬೇರೆ ಅರ್ಥ ಇವೆ. ಒಂದು ದೇಶದ ಮಟ್ಟದ ಗೌರವ, ಇನ್ನೊಂದು ದುಡ್ಡು ಕಟ್ಟಿ ಪಡೆದ ಜಾಗ. ಯಾವ ಬಾಗಿಲಿಂದ ಒಳಗೆ ಹೋಯಿತು ಅನ್ನೋದನ್ನ ಯಾರೂ ಕೇಳಲ್ಲ, ಹೋದವರೂ ಹೇಳಲ್ಲ. ಆ ಬಾಗಿಲುಗಳು ಯಾವುವು, ಪ್ರತಿ ಬಾಗಿಲಲ್ಲಿ ಯಾರು ಕೂತಿರುತ್ತಾರೆ ಅಂತ ಬಿಡಿಸಿ ಹೇಳೋಣ ಅಂತ ಈ ಬರಹ. ಕಾರವಾರದವರನ್ನು ಬಿಟ್ಟರೆ ರಾಜ್ಯದಲ್ಲಿ ಈ ಉತ್ಸವಕ್ಕೆ ನಮ್ಮ ಬೆಳಗಾವಿಯಷ್ಟು ಹತ್ತಿರ ಇರುವ ದೊಡ್ಡ ಊರು ಇಲ್ಲ. ದಿನಾ ಬೆಳಿಗ್ಗೆ ನಮ್ಮ ತರಕಾರಿ, ಹಾಲು ಘಾಟ್ ಇಳಿದು ಗೋವಾಕ್ಕೆ ಹೋಗುತ್ತವೆ. ಸಿನಿಮಾ ನೋಡೋಕೆ ಮಾತ್ರ ನಾವು ಹೋಗಲ್ಲ. ಹೋಗ್ತೀನಿ ಅಂದರೆ ಮನೆಯಲ್ಲಿ ‘ಏ, ಗೋವಾಕ ಹೋಗಿ ಸಿನಿಮಾ ನೋಡೂದೇನಪಾ? ಇಲ್ಲೆ ಟಾಕೀಸ್ ಇಲ್ಲೇನು?’ ಅಂತ ಕೇಳುತ್ತಾರೆ. ಸಿನಿಮಾಕ್ಕೇ ಹೋಗೋದು ಅಂದರೂ ಅವರು ನಂಬಲ್ಲ, ಅದು ಬೇರೆ ಮಾತು.

ಮೊದಲು ಸ್ವಲ್ಪ ಹಳೇ ಕಥೆ, ಬೇಗ ಮುಗಿಸುತ್ತೇನೆ. ಭಾರತದ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವ, ಅಂದರೆ ಇಫಿ, ಶುರುವಾಗಿದ್ದು ಗೋವಾದಲ್ಲಿ ಅಲ್ಲ. 1952ರ ಜನವರಿ 24ಕ್ಕೆ ಬಾಂಬೆಯಲ್ಲಿ. ಅಲ್ಲಿಂದ ಮದ್ರಾಸ್, ದೆಹಲಿ, ಕಲ್ಕತ್ತಕ್ಕೆ ಹೋಯಿತು. ಆಗ ಪ್ರಶಸ್ತಿ, ಸ್ಪರ್ಧೆ ಏನೂ ಇರಲಿಲ್ಲ, ಸುಮ್ನೆ ಸಿನಿಮಾ ತೋರಿಸಿದರು. ಆದರೆ ತೋರಿಸಿದ್ದು ಎಂಥ ಸಿನಿಮಾ! ಯುದ್ಧ ಮುಗಿದ ಮೇಲೆ ಇಟಲಿಯವರು ಸ್ಟುಡಿಯೊ ಬಿಟ್ಟು ಬೀದಿಗಿಳಿದು, ನಟರಲ್ಲದ ಜನರನ್ನೂ ಹಿಡಿದು ಮಾಡಿದ ಸಿನಿಮಾಗಳನ್ನ ನಮ್ಮ ನಿರ್ದೇಶಕರು ಒಟ್ಟಿಗೆ ಕೂತು ನೋಡಿದ್ದು ಅಲ್ಲೇ. ಬಿಮಲ್ ರಾಯ್ ಆ ಪ್ರಭಾವದಲ್ಲೇ 1953ರಲ್ಲಿ ಜಮೀನು ಕಳೆದುಕೊಳ್ಳುವ ರೈತನ ಕಥೆ ಮಾಡಿದರು. ಸ್ಪರ್ಧೆ ಬಂದಿದ್ದು 1965ರಲ್ಲಿ. ಆ ವರ್ಷ ಉತ್ಸವದ ಮೊದಲ ಬಹುಮಾನ, ಸುವರ್ಣ ಮಯೂರ, ಶ್ರೀಲಂಕಾದ ಲೆಸ್ಟರ್ ಜೇಮ್ಸ್ ಪೀರಿಸ್ ಅವರ ಸಿನಿಮಾಕ್ಕೆ ಹೋಯಿತು. ಪ್ರತಿ ವರ್ಷ ನಡೆಯೋಕೆ ಶುರುವಾಗಿದ್ದು 1975ರಿಂದ. ಬೆಂಗಳೂರಿಗೂ ಬಂದಿತ್ತು, 1980ರಲ್ಲಿ ‘ಫಿಲ್ಮೋತ್ಸವ’ ಅನ್ನೋ ಹೆಸರಲ್ಲಿ, ಆಮೇಲೆ 1992ರಲ್ಲಿ. ಹೀಗೆ ಊರೂರು ತಿರುಗುತ್ತಿದ್ದ ಉತ್ಸವ 2004ರಲ್ಲಿ, ಮನೋಹರ್ ಪರಿಕ್ಕರ್ ಮುಖ್ಯಮಂತ್ರಿ ಆಗಿದ್ದಾಗ, ಪಣಜಿಗೆ ಬಂದು ಅಲ್ಲೇ ನಿಂತಿತು. ಹಳೇ ಮೆಡಿಕಲ್ ಕಾಲೇಜಿನ ಆವರಣಕ್ಕೆ ಹೊಸ ಥಿಯೇಟರ್ ಬಂದಿದ್ದು ಅದೇ ವರ್ಷ. ಸಾಮಾನ್ಯವಾಗಿ ನವೆಂಬರ್ 20ರಿಂದ 28.

ಈಗ ಬಾಗಿಲುಗಳ ವಿಷಯ.

ನಮ್ಮ ಕಡೆ ಕುಸ್ತಿ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಬೆಳಗಾವಿಯ ಆನಂದವಾಡಿ ಆಖಾಡದಲ್ಲಿ ದೊಡ್ಡ ಕುಸ್ತಿ ಇದೆ ಅಂದರೆ, ಮಧ್ಯಾಹ್ನದಿಂದ ಸಣ್ಣ ಹುಡುಗರ ಜೋಡಿಗಳು ಇಳಿಯುತ್ತವೆ, ಕತ್ತಲಾಗೋ ಹೊತ್ತಿಗೆ ಒಂದನೇ ನಂಬರಿನ ಕುಸ್ತಿ. ಎಲ್ಲರೂ ಹಿಡಿದದ್ದು ಅದೇ ಕೆಂಪು ಮಣ್ಣು. ‘ನಾನೂ ಆ ಕಣದಲ್ಲಿ ಆಡಿದ್ದೀನಿ’ ಅಂತ ಎಲ್ಲರೂ ಹೇಳಬಹುದು, ಸುಳ್ಳೂ ಅಲ್ಲ. ಆದರೆ ಎಷ್ಟನೇ ನಂಬರಿನ ಕುಸ್ತಿ ಅಂತ ಕೇಳದೆ ಯಾರೂ ಪೈಲ್ವಾನನ ಬೆಲೆ ಕಟ್ಟಲ್ಲ.

ಗೋವಾದಲ್ಲಿ ಒಂದನೇ ನಂಬರಿನ ಕುಸ್ತಿ ಅಂದರೆ ಅಂತಾರಾಷ್ಟ್ರೀಯ ಸ್ಪರ್ಧಾ ವಿಭಾಗ. ಇಡೀ ಜಗತ್ತಿನಿಂದ ಆರಿಸಿದ ಹದಿನೈದು ಸಿನಿಮಾ, ಅದರಲ್ಲಿ ಎರಡೋ ಮೂರೋ ಭಾರತದವು. ಇವನ್ನು ನೋಡೋಕೆ ಬೇರೆ ಬೇರೆ ದೇಶದ ನಾಲ್ಕೈದು ಜನರ ಜ್ಯೂರಿ. ಗೆದ್ದ ಸಿನಿಮಾಕ್ಕೆ ಸುವರ್ಣ ಮಯೂರ ಮತ್ತು 40 ಲಕ್ಷ ರೂಪಾಯಿ, ಅದನ್ನ ನಿರ್ದೇಶಕ, ನಿರ್ಮಾಪಕ ಇಬ್ಬರೂ ಹಂಚಿಕೊಳ್ಳಬೇಕು. ಒಳ್ಳೆಯ ನಿರ್ದೇಶಕರಿಗೆ, ನಟನಟಿಯರಿಗೆ ರಜತ ಮಯೂರ. ಮಲಯಾಳಂನ ಲಿಜೊ ಜೋಸ್ ಪೆಲ್ಲಿಶ್ಶೇರಿ 2018 ಮತ್ತು 2019ರಲ್ಲಿ ಸಾಲಾಗಿ ಎರಡು ವರ್ಷ ನಿರ್ದೇಶನದ ರಜತ ಮಯೂರ ಹೊಡೆದರು.

ಎರಡನೇ ಬಾಗಿಲು ‘ಇಂಡಿಯನ್ ಪನೋರಮಾ’. 1978ರಿಂದ ನಡೆದಿದೆ. ಕನ್ನಡದ ಸಿನಿಮಾ ‘ಗೋವಾಕ್ಕೆ ಆಯ್ಕೆ’ ಅಂದಾಗ ಬಹುತೇಕ ಇದೇ ಆಗಿರುತ್ತದೆ. ಇದಕ್ಕೆ ಬೇರೆ ಜ್ಯೂರಿ, ಎಲ್ಲರೂ ಭಾರತೀಯರೇ. ದೇಶದ ಎಲ್ಲಾ ಭಾಷೆಗಳಿಂದ ಬಂದ ಅರ್ಜಿಗಳಲ್ಲಿ 25 ಫೀಚರ್ ಮತ್ತು 20 ನಾನ್‌ಫೀಚರ್ ಆರಿಸುತ್ತಾರೆ. 70 ನಿಮಿಷ ದಾಟಿದರೆ ಫೀಚರ್, ಒಳಗಿದ್ದರೆ ನಾನ್‌ಫೀಚರ್. 25ರಲ್ಲೂ ಐದರವರೆಗೆ ಥಿಯೇಟರ್‌ನಲ್ಲಿ ಓಡಿದ ದೊಡ್ಡ ಸಿನಿಮಾಗಳಿಗೆ ಜಾಗ ಇರುತ್ತದೆ, ಹಾಗಾಗಿ ಉಳಿದವರಿಗೆ ಇನ್ನೂ ಇಕ್ಕಟ್ಟು. ಇದರಲ್ಲಿ ಬಂದರೆ ನಿಜಕ್ಕೂ ಹೆಮ್ಮೆ ಪಡಬೇಕು. ಆಯ್ಕೆಯಾಗೋದೇ ಇಲ್ಲಿ ಗೌರವ. ನಮ್ಮ ಭಾಗದ ಕಿರುಚಿತ್ರ ಮಾಡುವವರು ಕಣ್ಣಿಡಬೇಕಾದ್ದು ಆ 20ರ ಮೇಲೆ.

ಮೂರನೇದು ಜಗತ್ತಿನ ಸಿನಿಮಾಗಳ ವಿಭಾಗ. ಸ್ಪರ್ಧೆ ಇಲ್ಲ, ಪ್ರದರ್ಶನ ಅಷ್ಟೇ. ಸಿನಿಮಾ ನೋಡೋಕೆ ಹೋಗುವವರಿಗೆ ನಿಜವಾದ ಊಟ ಇರೋದು ಇಲ್ಲೇ, ಯಾಕೆ ಅಂತ ಮುಂದೆ ಹೇಳುತ್ತೇನೆ. ನಾಲ್ಕನೇದು 2021ರಲ್ಲಿ ಶುರುವಾದ ಹುಡುಗ ಹುಡುಗಿಯರ ಯೋಜನೆ. ಸಿನಿಮಾದ ಬೇರೆ ಬೇರೆ ಕೆಲಸ ಮಾಡುವ 35ರೊಳಗಿನವರನ್ನ ಆರಿಸಿ, ತಂಡ ಕಟ್ಟಿ, 48 ಗಂಟೆಯಲ್ಲಿ ಒಂದು ಕಿರುಚಿತ್ರ ಮಾಡಿಸುತ್ತಾರೆ. ಮೊದಲ ವರ್ಷ 75 ಜನ ಇದ್ದರು, 2024ರಲ್ಲಿ 100 ಮಾಡಿದರು. ಐದನೇ ಬಾಗಿಲು ಫಿಲ್ಮ್ ಬಜಾರ್. ಅದು ಮಾರುಕಟ್ಟೆ. ಗೊಂದಲ ಜಾಸ್ತಿ ಇರೋದೂ ಅಲ್ಲೇ.

ಫಿಲ್ಮ್ ಬಜಾರನ್ನ ಎನ್‌ಎಫ್‌ಡಿಸಿ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, 2007ರಲ್ಲಿ ಶುರು ಮಾಡಿತು. ಉತ್ಸವದ ಹೊತ್ತಲ್ಲೇ, ಪಣಜಿಯಲ್ಲೇ ನಡೆಯುತ್ತದೆ, ಆದರೆ ಪ್ರೇಕ್ಷಕರಿಗಲ್ಲ. ಸಿನಿಮಾ ಮಾರುವವರು, ಕೊಳ್ಳುವವರು, ದುಡ್ಡು ಹಾಕುವವರು, ಬೇರೆ ದೇಶದ ಉತ್ಸವಗಳಿಗೆ ಸಿನಿಮಾ ಹುಡುಕುತ್ತ ಬರುವವರು ಸೇರುತ್ತಾರೆ. ಅಲ್ಲಿ ‘ವ್ಯೂಯಿಂಗ್ ರೂಮ್’ ಅಂತ ಇದೆ. ಶುಲ್ಕ ಕಟ್ಟಿ ನಿಮ್ಮ ಸಿನಿಮಾ ಅಲ್ಲಿ ಇಟ್ಟರೆ, ಆಸಕ್ತಿ ಇದ್ದವರು ಕಂಪ್ಯೂಟರ್ ಮುಂದೆ ಕೂತು, ಹೆಡ್‌ಫೋನ್ ಹಾಕಿಕೊಂಡು ನೋಡುತ್ತಾರೆ. ಹತ್ತು ನಿಮಿಷ ನೋಡಿ ಎದ್ದು ಹೋಗಲೂಬಹುದು. ವ್ಯಾಪಾರಕ್ಕೆ ಬೇಕಾದ ವ್ಯವಸ್ಥೆ ಅದು, ತಪ್ಪೇನಿಲ್ಲ. ಆದರೆ ಅದನ್ನ ‘ಗೋವಾ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಪ್ರದರ್ಶನ’ ಅಂತ ಪೋಸ್ಟರ್ ಮಾಡಿದರೆ ಓದುವವರಿಗೆ ಟೋಪಿ. ಫ್ರಾನ್ಸಿನ ಕಾನ್ ಉತ್ಸವದಲ್ಲೂ ಇದೇ ಆಟ. ಅಲ್ಲೂ ದೊಡ್ಡ ಮಾರುಕಟ್ಟೆ ಇದೆ, ಬಾಡಿಗೆ ಕೊಟ್ಟರೆ ಒಂದು ಹಾಲ್‌ನಲ್ಲಿ ನಿಮ್ಮ ಸಿನಿಮಾ ಹಾಕಿಸಬಹುದು. ಮರುದಿನ ಊರಿನ ಪೇಪರ್‌ನಲ್ಲಿ ‘ಕಾನ್‌ನಲ್ಲಿ ಕನ್ನಡದ ಕಹಳೆ’.

ಮಾರುಕಟ್ಟೆ ಅಂದ ತಕ್ಷಣ ಮೂಗು ಮುರಿಯೋದೂ ಬೇಡ. ಅದೇ ಬಜಾರ್‌ನಲ್ಲಿ ಅರ್ಧ ಮುಗಿದ ಸಿನಿಮಾಗಳನ್ನ ಅನುಭವಿಗಳ ಮುಂದಿಟ್ಟು ತಿದ್ದಿಸುವ ಲ್ಯಾಬ್ ಇದೆ. ಅದಕ್ಕೆ ದುಡ್ಡು ಕೊಟ್ಟರೆ ಆಗಲ್ಲ, ಆಯ್ಕೆ ಆಗಬೇಕು. ಉತ್ತರ ಕನ್ನಡದ ನಟೇಶ ಹೆಗಡೆ ತಮ್ಮ ಮೊದಲ ಸಿನಿಮಾವನ್ನ ಈ ದಾರಿಯಲ್ಲೇ ತಂದರು. ಅದು 2021ರಲ್ಲಿ ದಕ್ಷಿಣ ಕೊರಿಯಾದ ಬುಸಾನ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಂಡಿತು. ಅವರ ಎರಡನೇ ಸಿನಿಮಾ 2025ರಲ್ಲಿ ಬರ್ಲಿನ್‌ಗೇ ಹೋಯಿತು. ಶಿರಸಿ ಯಲ್ಲಾಪುರದ ಕಾಡಿನ ಕಥೆ, ಅಲ್ಲಿನ ಕನ್ನಡ, ಅಲ್ಲಿನ ಜನ. ಕಾನ್‌ನಲ್ಲೂ ಹಾಗೇ. 2024ರಲ್ಲಿ ಚಿದಾನಂದ ನಾಯ್ಕ ಅವರ ಹದಿನಾರು ನಿಮಿಷದ ಕನ್ನಡ ಕಿರುಚಿತ್ರಕ್ಕೆ ಅಲ್ಲಿ ಮೊದಲ ಬಹುಮಾನ ಬಂತು. ಯಾವ ಬಾಗಿಲು? ‘ಲಾ ಸಿನೆಫ್’, ಅಂದರೆ ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ವಿಭಾಗ. ನಾಯ್ಕ ಪುಣೆಯ ಫಿಲ್ಮ್ ಇನ್ಸ್ಟಿಟ್ಯೂಟ್‌ನಲ್ಲಿ ಓದುತ್ತ ಅದನ್ನ ಮಾಡಿದ್ದು. ಆ ವರ್ಷ 555 ಶಾಲೆಗಳಿಂದ 2,263 ಅರ್ಜಿ ಬಂದಿದ್ದವು, ಆಯ್ಕೆಯಾಗಿದ್ದು 18. ‘ಕಾನ್‌ನಲ್ಲಿ ಪ್ರಶಸ್ತಿ’ ಅಂತ ಬಿಡೋದಕ್ಕಿಂತ ಈ ಅಂಕಿ ಹೇಳಿದರೆ ಆ ಹುಡುಗನ ಸಾಧನೆ ಇನ್ನೂ ದೊಡ್ಡದಾಗಿ ಕಾಣುತ್ತದೆ, ಅಲ್ವಾ?

ಇನ್ನು ‘ಎ ಗ್ರೇಡ್ ಫೆಸ್ಟಿವಲ್’ ಅನ್ನೋ ಮಾತು. ಪ್ರತಿ ವರ್ಷ ವರದಿಗಳಲ್ಲಿ ಬರುತ್ತದೆ, ಕಾನ್, ವೆನಿಸ್, ಬರ್ಲಿನ್ ಜೊತೆ ಗೋವಾ ಕೂಡ ಎ ಗ್ರೇಡ್ ಅಂತ. ಇದರ ಹಿಂದೆ ಇರೋದು ಎಫ್‌ಐಎಪಿಎಫ್ ಅನ್ನೋ ಸಂಸ್ಥೆ, ಬೇರೆ ಬೇರೆ ದೇಶಗಳ ಸಿನಿಮಾ ನಿರ್ಮಾಪಕರ ಸಂಘಗಳ ಒಕ್ಕೂಟ. ಅದು ಉತ್ಸವಗಳಿಗೆ ಮಾನ್ಯತೆ ಕೊಡುತ್ತದೆ. ಯಾವ ಬಗೆಯ ಸಿನಿಮಾ ಬೇಕಾದರೂ ಸ್ಪರ್ಧಿಸಬಹುದಾದ ಉತ್ಸವಗಳು ಒಂದು ಗುಂಪು, ಅದರಲ್ಲಿ ಜಗತ್ತಿನ ಹದಿನೈದರ ಆಸುಪಾಸು ಉತ್ಸವಗಳಿವೆ, ಗೋವಾ ಅಲ್ಲಿದೆ. ಒಂದು ನಿರ್ದಿಷ್ಟ ಬಗೆಗೆ, ಉದಾಹರಣೆಗೆ ಏಷ್ಯಾದ ಸಿನಿಮಾಗಳಿಗೆ, ಸ್ಪರ್ಧೆ ಇಡುವವು ಇನ್ನೊಂದು ಗುಂಪು. 2021ರಲ್ಲಿ ಮಾನ್ಯತೆ ಪಡೆದ ನಮ್ಮ ಬೆಂಗಳೂರು ಚಿತ್ರೋತ್ಸವ ಈ ಎರಡನೇ ಗುಂಪಿನದು. ಅಂದರೆ ಇದು ಬಗೆಯ ವಿಂಗಡಣೆ. ಎಫ್‌ಐಎಪಿಎಫ್ ನೋಡೋದು ನಿರ್ಮಾಪಕರ ಹಿತವನ್ನ: ಸಿನಿಮಾದ ಪ್ರತಿ ಕಳುವಾಗದಂತೆ ಕಾಯುತ್ತಾರಾ, ಜ್ಯೂರಿ ನಿಯಮದ ಪ್ರಕಾರ ಇದೆಯಾ, ಹೇಳಿದಷ್ಟೇ ಪ್ರದರ್ಶನ ಮಾಡುತ್ತಾರಾ. ಗುಣಮಟ್ಟಕ್ಕೆ ಅದು ಅಂಕ ಕೊಡಲ್ಲ. ಕೆನಡಾದ ಟೊರೊಂಟೊ ಉತ್ಸವ ಸ್ಪರ್ಧೆಯನ್ನೇ ಮುಖ್ಯ ಮಾಡಿಕೊಂಡಿಲ್ಲ, ಹಾಗಾಗಿ ಆ ಮೊದಲ ಗುಂಪಿನಲ್ಲಿಲ್ಲ. ಆದರೂ ಅಲ್ಲಿ ಜಾಗ ಸಿಗೋಕೆ ದೊಡ್ಡ ದೊಡ್ಡ ನಿರ್ಮಾಪಕರು ಕಾಯುತ್ತಾರೆ.

ಹಾಗಾದರೆ ಕಾನ್‌ಗೂ ಗೋವಾಕ್ಕೂ ಇರೋ ವ್ಯತ್ಯಾಸ ಎಲ್ಲಿದೆ? ಬಹುಪಾಲು ಉತ್ತರ ‘ಮೊದಲ ಪ್ರದರ್ಶನ’ ಅನ್ನೋದರಲ್ಲಿದೆ. ಕಾನ್, ವೆನಿಸ್, ಬರ್ಲಿನ್‌ಗಳ ಸ್ಪರ್ಧೆಗೆ ಹೋಗಬೇಕಾದರೆ ಸಿನಿಮಾ ಸಾಮಾನ್ಯವಾಗಿ ಅದಕ್ಕೂ ಮೊದಲು ಬೇರೆ ಉತ್ಸವ ಸುತ್ತಿ ಬಂದಿರಬಾರದು. ಅವರಿಗೆ ಹೊಸದೇ ಬೇಕು, ಕೇಳುವ ತಾಕತ್ತೂ ಅವರಿಗಿದೆ, ಯಾಕೆಂದರೆ ಜಗತ್ತಿನ ಕೊಳ್ಳುವವರು, ಬರೆಯುವವರು ಎಲ್ಲ ಅಲ್ಲೇ ಇರುತ್ತಾರೆ. ವರ್ಷದ ಕ್ಯಾಲೆಂಡರ್ ನೋಡಿ. ಫೆಬ್ರವರಿಯಲ್ಲಿ ಬರ್ಲಿನ್, ಮೇನಲ್ಲಿ ಕಾನ್, ಆಗಸ್ಟ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಲೊಕಾರ್ನೊ, ಅದು ಮುಗಿಯುತ್ತಿದ್ದಂತೆ ವೆನಿಸ್, ಸೆಪ್ಟೆಂಬರ್‌ನಲ್ಲಿ ಟೊರೊಂಟೊ. ಗೋವಾ ಬರೋ ಹೊತ್ತಿಗೆ ನವೆಂಬರ್ ಕೊನೆ. ಅಷ್ಟರಲ್ಲಿ ವರ್ಷದ ಒಳ್ಳೆ ಸಿನಿಮಾಗಳೆಲ್ಲ ಎಲ್ಲೋ ಒಂದು ಕಡೆ ಮೊದಲ ಪ್ರದರ್ಶನ ಮುಗಿಸಿರುತ್ತವೆ. ಹಾಗಾಗಿ ಗೋವಾ ಹಟ ಹಿಡಿಯಲ್ಲ. 2024ರಲ್ಲಿ ಸುವರ್ಣ ಮಯೂರ ಗೆದ್ದ ಲಿಥುವೇನಿಯಾದ ಸಿನಿಮಾ ಅದೇ ವರ್ಷ ಆಗಸ್ಟ್‌ನಲ್ಲಿ ಲೊಕಾರ್ನೊದ ದೊಡ್ಡ ಪ್ರಶಸ್ತಿಯನ್ನೂ ಗೆದ್ದು ಬಂದಿತ್ತು.

ಇದು ನಿರ್ಮಾಪಕರ ಕಣ್ಣಿಗೆ ಗೋವಾದ ಸೋಲು. ನನ್ನಂಥ ಪ್ರೇಕ್ಷಕನ ಕಣ್ಣಿಗೆ ಲಾಭವೇ ಲಾಭ. ಮೇನಲ್ಲಿ ಕಾನ್‌ನಲ್ಲಿ ಗೆದ್ದಿದ್ದು, ಸೆಪ್ಟೆಂಬರ್‌ನಲ್ಲಿ ವೆನಿಸ್‌ನಲ್ಲಿ ಗೆದ್ದಿದ್ದು, ಎರಡೂ ಒಂದೇ ವಾರದಲ್ಲಿ, ಮಾಂಡವಿ ನದಿ ದಂಡೆಯ ಮೇಲೆ ನೋಡೋಕೆ ಸಿಗೋ ಸಾಧ್ಯತೆ ಇರುತ್ತದೆ. ಆ ಮೂರನೇ ಬಾಗಿಲಿನಲ್ಲಿ ಊಟ ಇದೆ ಅಂದಿದ್ದು ಇದಕ್ಕೇ. ಸ್ಪರ್ಧೆಯ ಹದಿನೈದನ್ನೇ ನೋಡ್ತೀನಿ ಅಂತ ಕೂತವರು ಎಷ್ಟೋ ಸಲ ಪಕ್ಕದ ಹಾಲ್‌ನ ಒಳ್ಳೆ ಸಿನಿಮಾ ಕಳೆದುಕೊಳ್ಳುತ್ತಾರೆ.

ಆಯ್ಕೆ ಮಾಡೋದು ಯಾರು ಅನ್ನೋದು ಮುಂದಿನ ಪ್ರಶ್ನೆ. ಜ್ಯೂರಿ ಅಂದರೆ ಎಲ್ಲಾ ಅರ್ಜಿ ನೋಡುವವರು ಅಂತ ಹಲವರು ತಿಳಿದಿದ್ದಾರೆ. ಸ್ಪರ್ಧೆಯ ಜ್ಯೂರಿ ನೋಡೋದು ಆರಿಸಿಟ್ಟ ಹದಿನೈದನ್ನ ಮಾತ್ರ. ಅದಕ್ಕೂ ಮೊದಲು ಪೂರ್ವವೀಕ್ಷಣೆ ಮಾಡುವ ತಂಡ ಇರುತ್ತದೆ, ರಾಶಿ ಸಿನಿಮಾ ನೋಡಿ ಜರಡಿ ಹಿಡಿಯುವ ಕೆಲಸ ಅವರದು. ಅವರ ಹೆಸರು ಯಾರಿಗೂ ಗೊತ್ತಿರಲ್ಲ, ಆದರೆ ನಿಮ್ಮ ಸಿನಿಮಾದ ಹಣೆಬರಹ ಬರೆಯೋದು ಅವರೇ. ಗೋವಾದ ಉತ್ಸವ ಕೇಂದ್ರ ಸರ್ಕಾರದ್ದು, ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗೆ ನಡೆಯೋದು. ಮೊದಲು ಚಿತ್ರೋತ್ಸವ ನಿರ್ದೇಶನಾಲಯ ನೋಡಿಕೊಳ್ಳುತ್ತಿತ್ತು, 2022ರಲ್ಲಿ ಅದನ್ನ ಎನ್‌ಎಫ್‌ಡಿಸಿ ಜೊತೆ ಸೇರಿಸಿದರು. ಸರ್ಕಾರಿ ಉತ್ಸವ ಆದ್ದರಿಂದ ಜರಡಿಯ ಮೇಲೂ ಒಂದು ಕೈ ಇರುತ್ತದೆ. 2017ರಲ್ಲಿ ಪನೋರಮಾ ಜ್ಯೂರಿ ಆರಿಸಿದ್ದ ಒಂದು ಮಲಯಾಳಂ ಮತ್ತು ಒಂದು ಮರಾಠಿ ಸಿನಿಮಾವನ್ನ ಸಚಿವಾಲಯ ಪಟ್ಟಿಯಿಂದ ತೆಗೆಯಿತು. ಜ್ಯೂರಿ ಅಧ್ಯಕ್ಷ ಸುಜೊಯ್ ಘೋಷ್ ರಾಜೀನಾಮೆ ಕೊಟ್ಟರು. ಜ್ಯೂರಿ ಮಾತೇ ಕೊನೆ ಅಲ್ಲ ಅಂದರೆ ಜ್ಯೂರಿ ಯಾಕೆ ಅನ್ನೋ ಪ್ರಶ್ನೆ ಆಗ ಎದ್ದಿತ್ತು. ನನ್ನ ಪ್ರಕಾರ ಅದು ಇನ್ನೂ ಹಾಗೇ ನಿಂತಿದೆ.

ಸೆನ್ಸಾರ್ ವಿಷಯ ಇದಕ್ಕೇ ಅಂಟಿಕೊಂಡಿದೆ. ಉತ್ಸವಕ್ಕೆ ಹೋಗೋಕೆ ಯಾಕೆ ಹೆಸರು ನೋಂದಾಯಿಸಿ, ಫೋಟೊ ಹಾಕಿ, ಕೊರಳಿಗೆ ಡೆಲಿಗೇಟ್ ಕಾರ್ಡ್ ನೇತಾಕಿಕೊಳ್ಳಬೇಕು, ಸುಮ್ನೆ ಟಿಕೆಟ್ ಮಾರಬಾರದಾ ಅಂತ ಅನ್ನಿಸುತ್ತದೆ. ಕಾರಣ ಕಾನೂನಿನಲ್ಲಿದೆ. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಸಿನಿಮಾ ತೋರಿಸಬೇಕಾದರೆ ಸೆನ್ಸಾರ್ ಸರ್ಟಿಫಿಕೇಟ್ ಬೇಕೇ ಬೇಕು. ವಾರದಲ್ಲಿ ಎರಡು ಪ್ರದರ್ಶನಕ್ಕಾಗಿ ಅರ್ಜೆಂಟೀನಾದ ಒಂದು ಸಿನಿಮಾವನ್ನ ಸೆನ್ಸಾರ್‌ಗೆ ಕಳಿಸಿ, ಫೀಸ್ ಕಟ್ಟಿ, ಕಾದು ಕೂರೋದು ಆಗದ ಮಾತು. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 9ನೇ ಕಲಂ ಪ್ರಕಾರ ಕೇಂದ್ರ ಸರ್ಕಾರ ಇದರಿಂದ ವಿನಾಯಿತಿ ಕೊಡಬಹುದು. ಉತ್ಸವಗಳಿಗೆ ಸಿಗುವ ವಿನಾಯಿತಿಗೆ ಷರತ್ತು ಇದೆ: ಪ್ರದರ್ಶನ ವ್ಯಾಪಾರಕ್ಕಲ್ಲ, ನೋಡುವವರು ನೋಂದಾಯಿತ ಪ್ರತಿನಿಧಿಗಳು ಮಾತ್ರ. ಹಾಗಾಗಿ ಕೌಂಟರ್‌ನಲ್ಲಿ ಟಿಕೆಟ್ ಇಲ್ಲ, ಕಾರ್ಡ್ ಇದೆ. 18 ತುಂಬಿರಬೇಕು ಅನ್ನೋದೂ ಇದಕ್ಕೇ. ಕತ್ತರಿ ಬೀಳದ ಸಿನಿಮಾ ನೋಡೋಕೆ ಸಿಗೋದೂ ಇದರಿಂದಲೇ. ಈ ವಿನಾಯಿತಿಯ ಬೀಗದಕೈ ದೆಹಲಿಯಲ್ಲಿದೆ ಅನ್ನೋದನ್ನ ಮಾತ್ರ ನೆನಪಿಡಬೇಕು. ಕೇರಳ ಸರ್ಕಾರ ನಡೆಸಲಿ, ಕರ್ನಾಟಕ ನಡೆಸಲಿ, ಪಟ್ಟಿ ಅಲ್ಲಿಗೆ ಹೋಗಿಯೇ ಬರಬೇಕು.

ಆಮೇಲೆ ಸಿನಿಮಾ ಹೇಗೆ ಬರುತ್ತದೆ ಅನ್ನೋದು. ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಮೊದಲು ತಗಡಿನ ಡಬ್ಬಿಯಲ್ಲಿ ರೀಲುಗಳು ವಿಮಾನದಲ್ಲಿ ಬರುತ್ತಿದ್ದವು, ಒಂದು ಸಿನಿಮಾಕ್ಕೆ ಐದಾರು ಡಬ್ಬಿ. ಕಸ್ಟಮ್ಸ್‌ನಲ್ಲಿ ಒಂದು ಡಬ್ಬಿ ಸಿಕ್ಕಿಕೊಂಡರೆ ಶೋ ರದ್ದು. ಈಗ ಬರೋದು ಡಿಸಿಪಿ, ಒಂದು ಹಾರ್ಡ್ ಡಿಸ್ಕ್‌ನಲ್ಲಿ ನೂರಾರು ಜಿಬಿಯ ಫೈಲ್‌ಗಳು. ಅದನ್ನ ಥಿಯೇಟರ್‌ನ ಸರ್ವರ್‌ಗೆ ಹಾಕಿದರೂ ಸಿನಿಮಾ ಓಡಲ್ಲ, ಯಾಕೆಂದರೆ ಒಳಗೆ ಎಲ್ಲಾ ಬೀಗ ಹಾಕಿರುತ್ತದೆ. ಬೀಗ ತೆಗೆಯೋಕೆ ಬೇರೆಯೇ ಒಂದು ಸಣ್ಣ ಫೈಲ್ ಮೇಲ್‌ನಲ್ಲಿ ಬರುತ್ತದೆ, ಕೆಡಿಎಂ ಅಂತಾರೆ. ಈ ಕೀಯ ತಮಾಷೆ ಏನೆಂದರೆ ಅದು ಇಂಥದ್ದೇ ಸರ್ವರ್‌ಗೆ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಅಂತ ಬರೆಸಿಕೊಂಡೇ ಬಂದಿರುತ್ತದೆ. ಎರಡನೇ ಸ್ಕ್ರೀನ್‌ನ ಪ್ರೊಜೆಕ್ಟರ್ ಕೈಕೊಟ್ಟರೆ ‘ಮೂರನೇದರಲ್ಲಿ ಹಾಕ್ರಿ’ ಅನ್ನೋಕಾಗಲ್ಲ, ಮೂರನೇದಕ್ಕೆ ಬೇರೆ ಕೀ ಬೇಕು. ಕೀ ಕೊಡಬೇಕಾದವರು ಪ್ಯಾರಿಸ್‌ನಲ್ಲೋ ಮೆಕ್ಸಿಕೊದಲ್ಲೋ ಮಲಗಿರುತ್ತಾರೆ. ಸಮಯದ ವ್ಯತ್ಯಾಸ ಲೆಕ್ಕ ಹಾಕುವಾಗ ಯಾರೋ ಒಬ್ಬರು ಎಡವಿದರೆ, ತುಂಬಿದ ಹಾಲ್, ಮೈಕ್ ಹಿಡಿದು ನಿಂತ ನಿರ್ದೇಶಕಿ, ಹಿಂದೆ ಪ್ರೊಜೆಕ್ಟರ್ ಕೋಣೆಯಲ್ಲಿ ಫೋನ್ ಮೇಲೆ ಫೋನ್. ಹೊರಗೆ ಪಾಳಿಯಲ್ಲಿ ನಿಂತ ನಾವು ‘ಯಾಕ್ ಲೇಟ್ರೀ, ಮ್ಯಾನೇಜ್‌ಮೆಂಟ್ ಸರಿ ಇಲ್ಲ’ ಅಂತ ಬೈಯುತ್ತಿರುತ್ತೇವೆ.

ಇಷ್ಟು ಕಟ್ಟುನಿಟ್ಟು ಯಾಕೆಂದರೆ ಪ್ರತಿ ಪ್ರದರ್ಶನಕ್ಕೂ ಲೆಕ್ಕ ಇದೆ. ದೊಡ್ಡ ಸಿನಿಮಾಗಳ ಹಕ್ಕು ಮಾರುವ ಏಜೆಂಟರು ಉತ್ಸವದಿಂದ ಪ್ರದರ್ಶನಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಂಡು, ಒಂದೋ ಎರಡೋ ಶೋಗೆ ಮಾತ್ರ ಒಪ್ಪುತ್ತಾರೆ. ಜಾಸ್ತಿ ಜನ ನೋಡಿಬಿಟ್ಟರೆ ಆಮೇಲೆ ಭಾರತದ ಹಕ್ಕು ಕೊಳ್ಳುವವರು ಹಿಂಜರಿಯುತ್ತಾರೆ ಅನ್ನೋ ಭಯ. ಅದೇ ಸಿನಿಮಾ ನಮ್ಮ ಬೆಳಗಾವಿ ಟಾಕೀಸ್‌ಗೆ ಯಾಕೆ ಬರಲ್ಲ ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಯಾರಾದರೂ ಭಾರತದ ಹಕ್ಕು ಕೊಳ್ಳಬೇಕು, ಸೆನ್ಸಾರ್ ಮಾಡಿಸಬೇಕು, ಪ್ರಚಾರಕ್ಕೆ ದುಡ್ಡು ಸುರಿಯಬೇಕು. ವಾರಕ್ಕೆ ಇನ್ನೂರು ಜನ ನೋಡುವ ಸಿನಿಮಾಕ್ಕೆ ಇಷ್ಟೆಲ್ಲ ಮಾಡಿದರೆ ಗಿಟ್ಟಲ್ಲ. ಕೆಲವು ಒಟಿಟಿಗೆ ಬರುತ್ತವೆ. ಉಳಿದವು ಎಲ್ಲೂ ಬರಲ್ಲ.

ಹಾಗಾಗಿ ಹೋಗಿಯೇ ನೋಡಬೇಕು. ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ ದಾಟಿ ಚೋರ್ಲಾ ಘಾಟ್ ಇಳಿದರೆ ಪಣಜಿ ನೂರಿಪ್ಪತ್ತು ಕಿಲೋಮೀಟರ್ ಆಸುಪಾಸು. ರಸ್ತೆ ಚೆನ್ನಾಗಿದ್ದರೆ ಮೂರು ತಾಸು, ಅದು ಚೆನ್ನಾಗಿರೋದು ಅಪರೂಪ. (ಮಹದಾಯಿ ಜಗಳ ಇದೇ ದಾರಿಯ ಪಕ್ಕದ್ದು. ಬಸ್ಸಿನಲ್ಲಿ ಆ ಮಾತು ತೆಗೆಯಬೇಡಿ, ಪಣಜಿವರೆಗೂ ಮುಗಿಯಲ್ಲ.) ನಮ್ಮ ವಾಯವ್ಯ ಸಾರಿಗೆ ಬಸ್ಸೂ ಇವೆ, ಗೋವಾದ ಕದಂಬ ಬಸ್ಸೂ ಇವೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯರಾತ್ರಿ ಹತ್ತಿರದವರೆಗೆ ಶೋ ನಡೆಯೋದರಿಂದ ಒಂದೇ ದಿನದಲ್ಲಿ ಹೋಗಿ ಬರೋದು ದಂಡ, ಎರಡು ಮೂರು ದಿನ ಇಟ್ಟುಕೊಳ್ಳಿ. ಆ ವಾರ ಪಣಜಿಯಲ್ಲಿ ರೂಮು ದುಬಾರಿ, ಮಾಪುಸಾ ಕಡೆ ಕಮ್ಮಿಗೆ ಸಿಗುತ್ತದೆ.

ಕಾರ್ಡ್ ಇದ್ದರೆ ಸೀಟು ಗ್ಯಾರಂಟಿ ಅಂತ ಅಲ್ಲ, ಇದನ್ನ ಹೊಸಬರು ತಿಳಿದಿರಲ್ಲ. ಪ್ರತಿ ಶೋಗೂ ಮೊದಲೇ ಆನ್‌ಲೈನ್‌ನಲ್ಲಿ ಸೀಟು ಕಾದಿರಿಸಬೇಕು. ಹೆಸರಾದ ಸಿನಿಮಾ ಕ್ಷಣದಲ್ಲಿ ಖಾಲಿ. ಆದರೂ ಬೇಸರ ಬೇಡ. ಬುಕ್ ಮಾಡಿದವರಲ್ಲಿ ಎಷ್ಟೋ ಜನ ಬರಲ್ಲ, ಉಳಿದ ಸೀಟಿಗೆ ಹೊರಗೆ ಇನ್ನೊಂದು ಪಾಳಿ ನಿಲ್ಲಿಸುತ್ತಾರೆ. ಆ ಪಾಳಿಯೇ ಒಂದು ಕ್ಲಾಸು. ಕೊಲ್ಹಾಪುರದ ಮೇಷ್ಟ್ರು, ಕೊಚ್ಚಿಯ ಆಟೊ ಓಡಿಸುವವರು, ಪುಣೆಯ ಹುಡುಗಿಯರು, ಎಲ್ಲರ ಕೈಯಲ್ಲೂ ಗೀಚಿದ ವೇಳಾಪಟ್ಟಿ. ‘ಅದು ಬ್ಯಾಡ್ರಿ, ನಿನ್ನೆ ನೋಡಿದೆ, ನಿದ್ದಿ ಬಂತು’ ಅಂತ ಹೇಳುವವರೂ ಅಲ್ಲೇ ಸಿಗುತ್ತಾರೆ. ವೆಬ್‌ಸೈಟ್‌ನ ಸಾರಾಂಶಕ್ಕಿಂತ ಆ ಮಾತು ನಂಬಬಹುದು. ಕ್ಯಾಟಲಾಗ್‌ನಲ್ಲಿ ಎಲ್ಲಾ ಸಿನಿಮಾನೂ ಮಾಸ್ಟರ್‌ಪೀಸೇ. ದಿನಕ್ಕೆ ಐದು ನೋಡ್ತೀನಿ ಅಂತ ಹೊರಡಬೇಡಿ, ಮೂರು ಸಾಕು. ಇಂಗ್ಲಿಷ್ ಸಬ್‌ಟೈಟಲ್ ಓದುತ್ತ ನೋಡೋದು ಅಭ್ಯಾಸ ಇಲ್ಲದವರಿಗೆ ನಾಲ್ಕನೇದರ ಹೊತ್ತಿಗೆ ಕಣ್ಣು ಉರಿಯುತ್ತದೆ.

ಗೋವಾಕ್ಕೇ ಹೋಗಬೇಕು ಅಂತಿಲ್ಲ. ತಿರುವನಂತಪುರದ ಉತ್ಸವ ಡಿಸೆಂಬರ್‌ನಲ್ಲಿ, ಪ್ರೇಕ್ಷಕರ ಹುಚ್ಚು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಬೆಂಗಳೂರಿನದು ವರ್ಷದ ಮೊದಲ ತಿಂಗಳುಗಳಲ್ಲಿ, ಅಲ್ಲಿ ಕನ್ನಡ ಸಿನಿಮಾಗಳಿಗೇ ಬೇರೆ ಸ್ಪರ್ಧೆ ಇದೆ. ಆದರೆ ನಮಗೆ ಬೆಂಗಳೂರು ಐನೂರು ಕಿಲೋಮೀಟರ್. ರಾಜಧಾನಿಯ ಉತ್ಸವಕ್ಕಿಂತ ಪಕ್ಕದ ರಾಜ್ಯದ್ದು ಹತ್ತಿರ ಆಗೋದು ಬೆಳಗಾವಿಯ ಹಳೇ ಹಣೆಬರಹ.

ಈಗ ಮತ್ತೆ ಎಲೆಬಳ್ಳಿಗೆ ಬರೋಣ, ಇದು ಸಿನಿಮಾ ಮಾಡುವ ಹುಡುಗರಿಗೆ. ಫಿಲ್ಮ್‌ಫ್ರೀವೇಯಂಥ ವೆಬ್‌ಸೈಟ್‌ಗಳಲ್ಲಿ ಸಾವಿರಾರು ಉತ್ಸವಗಳು ಅರ್ಜಿ ಕರೆಯುತ್ತವೆ. ಒಳ್ಳೆಯವೂ ಇವೆ. ಜೊತೆಗೆ ಪ್ರತಿ ತಿಂಗಳೂ ‘ಇಂಟರ್‌ನ್ಯಾಷನಲ್’ ಉತ್ಸವ ಮಾಡಿ, ಮೂವತ್ತು ನಲವತ್ತು ವಿಭಾಗ ಇಟ್ಟು, ಹಾಲ್ ಬಾಡಿಗೆಗೂ ಹಿಡಿಯದೆ, ಫೀಸ್ ಕಟ್ಟಿದವರಿಗೆಲ್ಲ ಪಿಡಿಎಫ್ ಸರ್ಟಿಫಿಕೇಟ್ ಕಳಿಸುವವೂ ಇವೆ. ಮೊಮೆಂಟೊ ಬೇಕೆಂದರೆ ಅದಕ್ಕೆ ಬೇರೆ ದುಡ್ಡು. ಬಾಗಲಕೋಟೆ ಕಡೆಯ ಹುಡುಗರ ಒಂದು ತಂಡ ಸಿನಿಮಾಕ್ಕೆ ಹಾಕಿದ್ದಕ್ಕಿಂತ ಜಾಸ್ತಿ ದುಡ್ಡನ್ನ ಇಂಥ ಅರ್ಜಿಗಳಿಗೆ ಹಾಕಿದ್ದು ನನಗೆ ಗೊತ್ತು. ಬಂದಿದ್ದು ಬಳ್ಳಿ ಮಾತ್ರ. ಒಬ್ಬನೇ ಒಬ್ಬ ಪ್ರೇಕ್ಷಕ ಅದನ್ನ ಪರದೆ ಮೇಲೆ ನೋಡಲಿಲ್ಲ.

ಫೀಸ್ ಕಟ್ಟೋ ಮೊದಲು ನಾಲ್ಕು ವಿಷಯ ಕೇಳಿ ನೋಡಿ. ಹೋದ ವರ್ಷ ಯಾವ ಥಿಯೇಟರ್‌ನಲ್ಲಿ ತೋರಿಸಿದರು, ಅದರ ಫೋಟೊ ಇದೆಯಾ? ಜ್ಯೂರಿಯಲ್ಲಿ ಯಾರಿದ್ದರು, ಅವರು ಏನು ಮಾಡಿದವರು? ಎಷ್ಟು ಅರ್ಜಿ ಬಂದವು, ಎಷ್ಟು ಆರಿಸಿದರು? ಅಲ್ಲಿ ತೋರಿಸಿದ ಸಿನಿಮಾ ಆಮೇಲೆ ಎಲ್ಲಿಗಾದರೂ ಹೋಯಿತಾ? ಉತ್ತರ ಸಿಗದಿದ್ದರೆ ಬಿಡಿ. ಪನೋರಮಾದ ನಾನ್‌ಫೀಚರ್‌ಗೆ ಹಾಕಿ, ಬೆಂಗಳೂರಿಗೆ ಹಾಕಿ, ಕೇರಳದಲ್ಲಿ ಸಾಕ್ಷ್ಯಚಿತ್ರ ಕಿರುಚಿತ್ರಗಳಿಗೇ ಬೇರೆ ಉತ್ಸವ ಇದೆ, ಅದಕ್ಕೂ ಹಾಕಿ. ನಿಯಮಾವಳಿ ಎರಡು ಸಲ ಓದಿ. ಇಂಗ್ಲಿಷ್ ಸಬ್‌ಟೈಟಲ್ ಇಲ್ಲದಿದ್ದರೆ ಪನೋರಮಾದವರು ಅರ್ಜಿಯನ್ನೇ ತೆಗೆದುಕೊಳ್ಳಲ್ಲ, ಹಳೇ ಸಿನಿಮಾನೂ ನಡೆಯಲ್ಲ, ಹಿಂದಿನ ಒಂದು ವರ್ಷದೊಳಗೆ ಮುಗಿಸಿದ್ದೇ ಆಗಬೇಕು. ಯೂಟ್ಯೂಬ್‌ಗೆ ಹಾಕೋ ಆತುರವೂ ಬೇಡ, ಆನ್‌ಲೈನ್‌ನಲ್ಲಿ ಬಂದಿದ್ದನ್ನ ಎಷ್ಟೋ ಉತ್ಸವಗಳು ಮುಟ್ಟಲ್ಲ. ಉಳಿದ ಫೀಸ್ ದುಡ್ಡಲ್ಲಿ ಒಬ್ಬ ಒಳ್ಳೆ ಸೌಂಡ್ ರೆಕಾರ್ಡಿಸ್ಟ್ ಹಿಡಿಯಿರಿ. ನಮ್ಮ ಕಡೆಯ ಕಿರುಚಿತ್ರಗಳಲ್ಲಿ ಕ್ಯಾಮೆರಾ ಕೆಲಸ ಈಗ ಚೆನ್ನಾಗೇ ಬರುತ್ತಿದೆ. ಹೊಲದಲ್ಲಿ ಗಾಳಿ ಬೀಸಿದ ಕೂಡಲೇ ಮಾತು ಕೇಳದಂತಾಗೋದು ಮಾತ್ರ ಇನ್ನೂ ನಿಂತಿಲ್ಲ.